ಟ್ರೈನಿಂಗ್‌ನಲ್ಲಿ ಕಲಿಸಿದ ಕೈ ತೊಳೆಯುವ ಕ್ರಮ ವಾರ್ಡ್‌ನಲ್ಲಿ ಪಾಲಿಸುವುದು ಹೇಗೆ?

ಹೊಸ ಸ್ಟಾಫ್ ನರ್ಸ್:
ಎಲ್ಲರಿಗೂ ನಮಸ್ಕಾರ. ಈಚೆಗೆ ಕೆಲಸಕ್ಕೆ ಸೇರಿದ್ದೇನೆ, ಟ್ರೈನಿಂಗ್ ಇನ್ನೂ ನಡೆಯುತ್ತಿದೆ. ಕೈ ಉಜ್ಜುವ ಹಂತಗಳನ್ನು ಎಲ್ಲರ ಎದುರು ಮಾಡಿಸಿದರು, ಯಾವಾಗ ಕೈ ಶುಚಿ ಮಾಡಬೇಕು ಅನ್ನುವ ಐದು ಸಂದರ್ಭಗಳನ್ನು ಬಾಯಿಪಾಠ ಮಾಡಿಸಿದರು. ವಾರ್ಡ್‌ಗೆ ಬಂದರೆ ಕಥೆಯೇ ಬೇರೆ. ಸಿಂಕ್ ಇರುವುದು ಆ ತುದಿಯಲ್ಲಿ, ನೈಟ್ ಡ್ಯೂಟಿಯಲ್ಲಿ ಇಬ್ಬರೇ ಇರುತ್ತೇವೆ. ಒಬ್ಬರ ಯೂರಿನ್ ಬ್ಯಾಗ್ ಖಾಲಿ ಮಾಡಿದ ಗ್ಲೌಸ್‌ನಲ್ಲೇ ಪಕ್ಕದ ಬೆಡ್‌ನವರ ಐವಿ (ರಕ್ತನಾಳಕ್ಕೆ ಹಾಕಿದ ಡ್ರಿಪ್ ನಳಿಕೆ) ಮುಟ್ಟುವುದನ್ನೂ ನೋಡಿದೆ. ಪ್ರತಿ ಸಲ ಸೋಪು ಹಾಕಿದರೆ ನನ್ನ ಕೈ ಒಡೆದು ಉರಿಯುತ್ತದೆ. ನೀವೆಲ್ಲ ಹೇಗೆ ನಿಭಾಯಿಸುತ್ತೀರಿ? ಸೀನಿಯರ್‌ಗಳಿಗೆ ಹೇಳುವುದಾದರೂ ಹೇಗೆ?

ಐಸಿಎನ್ ಅಕ್ಕ:
ನಾನು ಸೋಂಕು ನಿಯಂತ್ರಣದ ನರ್ಸ್ (ಐಸಿಎನ್). ಪ್ರತಿ ಸಲ ಸಿಂಕ್‌ಗೆ ಓಡಬೇಕಾಗಿಲ್ಲ. ಕೈ ಮೇಲೆ ಕೊಳೆ ಕಾಣದಿದ್ದರೆ ಆಲ್ಕೋಹಾಲ್ ರಬ್ (ಸ್ಯಾನಿಟೈಜರ್) ಸಾಕು. 20ರಿಂದ 30 ಸೆಕೆಂಡ್ ಉಜ್ಜಿದರೆ ಮುಗಿಯಿತು. ಸೋಪು ನೀರಿಗಾದರೆ 40ರಿಂದ 60 ಸೆಕೆಂಡ್ ಬೇಕು, ನಡೆದು ಹೋಗಿ ಬರುವ ಹೊತ್ತು ಬೇರೆ. ರಕ್ತ, ಮಲಮೂತ್ರ ತಾಗಿದಾಗ, ಟಾಯ್ಲೆಟ್‌ಗೆ ಹೋಗಿ ಬಂದಾಗ ಮಾತ್ರ ಸೋಪೇ ಬೇಕು. ಸಿ. ಡಿಫಿಸೈಲ್ ಅನ್ನುವ ಬ್ಯಾಕ್ಟೀರಿಯಾದಿಂದ ಭೇದಿ ಆದ ರೋಗಿ ಇದ್ದರೂ ಅಷ್ಟೇ, ಅದರ ಬೀಜಕಗಳು (ಗಟ್ಟಿ ಕವಚದ ಸ್ಪೋರ್‌ಗಳು) ಆಲ್ಕೋಹಾಲ್‌ಗೆ ಸಾಯುವುದಿಲ್ಲ.

ರಬ್ ಬಾಟಲಿ ಬೆಡ್ ಪಕ್ಕದಲ್ಲೇ ಇರಬೇಕು, ನನ್ನ ಪ್ರಕಾರ ಅರ್ಧ ಸಮಸ್ಯೆ ಅಲ್ಲೇ ಇದೆ. ಜಿನೀವಾದ ಆಸ್ಪತ್ರೆಯಲ್ಲಿ ಡಾ. ಡಿಡಿಯೆ ಪಿಟೆ ಅವರ ತಂಡ ಇದನ್ನೇ ಮಾಡಿತು, ಬಾಟಲಿಯನ್ನು ಬೆಡ್ ಹತ್ತಿರ, ಜೇಬಿನಲ್ಲಿ ಇಟ್ಟಿತು. 1994ರಲ್ಲಿ ಕೈ ಶುಚಿ ಮಾಡಬೇಕಾದ ಸಂದರ್ಭಗಳಲ್ಲಿ ಶೇ. 48ರಷ್ಟು ಸಲ ಮಾತ್ರ ಮಾಡುತ್ತಿದ್ದರು. 1997ಕ್ಕೆ ಅದು ಶೇ. 66 ಆಯಿತು, ಆಸ್ಪತ್ರೆಯಲ್ಲಿ ತಗಲುವ ಸೋಂಕು 1998ರ ಹೊತ್ತಿಗೆ ಶೇ. 16.9ರಿಂದ 9.9ಕ್ಕೆ ಇಳಿಯಿತು.

ಕೈ ಉರಿಯ ವಿಷಯ: ಸೋಪು ಹಾಕಿದ ಬೆನ್ನಿಗೇ ರಬ್ ಹಾಕಬೇಡಿ, ಬಿಸಿ ನೀರು ಬೇಡ, ಒದ್ದೆ ಕೈಗೆ ಗ್ಲೌಸ್ ಬೇಡವೇ ಬೇಡ. ಟಿಶ್ಯೂವನ್ನು ತಿಕ್ಕದೆ ಒತ್ತಿ ಒರೆಸಿ. ರಬ್‌ನಲ್ಲಿ ಗ್ಲಿಸರಿನ್ ಇರುತ್ತದೆ, ಹಾಗಾಗಿ ಸೋಪಿನಷ್ಟು ಕೈ ಒಣಗಿಸುವುದಿಲ್ಲ. ಬಿರುಕು ಬಿಟ್ಟ ಕೈಗೆ ಉರಿದೇ ಉರಿಯುತ್ತದೆ, ಅದಕ್ಕೆ ಮೊದಲು ಚರ್ಮ ತೋರಿಸಿ ಔಷಧಿ ಹಚ್ಚಿಕೊಳ್ಳಿ.

ಲೀಡ್ಸ್‌ನಿಂದ:
ಗ್ಲೌಸ್ ಬಗ್ಗೆ ನಾನೂ ಹೇಳಲೇಬೇಕು. ಗ್ಲೌಸ್ ಹಾಕಿದ ಕೂಡಲೇ ನಾವು ಸೇಫ್ ಅನಿಸುತ್ತದೆ, ರೋಗಿ ಸೇಫ್ ಅಲ್ಲ. ಕಣ್ಣಿಗೆ ಕಾಣದ ತೂತು ಇರಬಹುದು, ತೆಗೆಯುವಾಗಲೂ ಕೈಗೆ ಅಂಟುತ್ತದೆ, ಆದ್ದರಿಂದ ತೆಗೆದ ಮೇಲೆ ಕೈ ಶುಚಿ ಮಾಡಲೇಬೇಕು. ನೀವು ನೋಡಿದ್ದು ತೀರಾ ಅಪಾಯದ ಕೆಲಸ. ಯೂರಿನ್ ಬ್ಯಾಗ್‌ನ ಕ್ರಿಮಿ ನೇರ ರಕ್ತನಾಳದ ಬಾಗಿಲಿಗೆ ಹೋಯಿತು, ಅಲ್ವಾ? ಜನ ರೋಗಿಯನ್ನು ಮುಟ್ಟಿದ ಮೇಲೆ ಕೈ ಶುಚಿ ಮಾಡಿಕೊಳ್ಳುತ್ತಾರೆ, ಮುಟ್ಟುವ ಮೊದಲು ಬಿಟ್ಟುಬಿಡುತ್ತಾರೆ. ಇಲ್ಲಿ ಇಂಗ್ಲೆಂಡ್‌ನಲ್ಲೂ ಹಾಗೇ.

ಇಲ್ಲಿ ಮೊಣಕೈ ಕೆಳಗೆ ವಾಚ್, ಬಳೆ ಏನೂ ಇರಬಾರದು, ಸಾದಾ ಉಂಗುರ ಒಂದಕ್ಕೆ ವಿನಾಯಿತಿ. ನಮ್ಮ ಕಡೆ ಕೈಗೆ ಕಟ್ಟಿದ ದೇವರ ದಾರ ಬಿಚ್ಚಿ ಅಂದರೆ ಮನಸ್ಸಿಗೆ ನೋವಾಗುತ್ತದೆ, ಅದು ನನಗೆ ಅರ್ಥವಾಗುತ್ತದೆ. ಆದರೆ ಆ ಒದ್ದೆ ದಾರ ದಿನವಿಡೀ ಗಾಯಗಳ ಮೇಲೆ ಓಡಾಡುತ್ತದೆ. ಡ್ಯೂಟಿ ಹೊತ್ತು ಬಿಚ್ಚಿಡಲೇಬೇಕು.

ಸ್ಕಿಲ್ ಲ್ಯಾಬ್ ಟ್ಯೂಟರ್:
ಹಾಲ್‌ನಲ್ಲಿ ನಿಲ್ಲಿಸಿ ಬರೀ ಹಂತ ಕಲಿಸಿದರೆ ಸಾಲದು. ಹೊಳೆಯುವ ಲೋಷನ್ ಹಚ್ಚಿ, ತೊಳೆಸಿ, ಯುವಿ ಲೈಟ್ ಕೆಳಗೆ ಕೈ ಹಿಡಿಸಿ. ಹೆಬ್ಬೆರಳ ಬುಡ, ಉಗುರಿನ ಸಂದು, ಬೆರಳ ತುದಿಯಲ್ಲಿ ಲೋಷನ್ ಹಾಗೇ ಹೊಳೆಯುತ್ತಿರುತ್ತದೆ. ಅದನ್ನು ನೋಡಿದವರು ಹೆಬ್ಬೆರಳು ಮರೆಯುವುದು ಕಷ್ಟ. ಆಮೇಲೆ ಬೆಡ್ ಹತ್ತಿರವೇ ಇಂಜೆಕ್ಷನ್ ಕೊಡಿಸಿ, ಎಲ್ಲಿ ಕೈ ಶುಚಿ ಮಾಡಬೇಕಿತ್ತು ಅಂತ ಅಲ್ಲೇ ತಡೆದು ಕೇಳಬೇಕು. ನಿಮ್ಮ ಟ್ರೈನರ್‌ಗೆ ಹೀಗೆ ಮಾಡಿಸಿ ಅಂತ ಕೇಳಿ.

ಸೀನಿಯರ್‌ಗೆ ರೋಗಿಯ ಎದುರು ಪಾಠ ಹೇಳಬೇಡಿ. ಹೊಸ ಗ್ಲೌಸ್ ಕೈಗೆ ಕೊಟ್ಟು "ಸಿಸ್ಟರ್, ಮೊದಲು ರಬ್ ಹಾಕ್ಲಾ?" ಅಂತ ಬಾಟಲಿ ಹಿಡಿಯಿರಿ. ಯಾರೂ ಬೇಡ ಅನ್ನುವುದಿಲ್ಲ.

ಹೊಸ ಸ್ಟಾಫ್ ನರ್ಸ್:
ತುಂಬಾ ಥ್ಯಾಂಕ್ಸ್. ನಮ್ಮಲ್ಲಿ ಎರಡು ಬೆಡ್‌ಗೆ ಒಂದು ಸ್ಟ್ಯಾಂಡ್ ಇದೆ, ಬಾಟಲಿ ಯಾವಾಗಲೂ ಖಾಲಿ. ಇದು ಯಾರ ಕೆಲಸ?

ಐಸಿಎನ್ ಅಕ್ಕ:
ವಾರ್ಡ್ ಇನ್‌ಚಾರ್ಜ್ ಇಂಡೆಂಟ್ (ಸ್ಟೋರ್‌ಗೆ ಬೇಡಿಕೆ ಚೀಟಿ) ಹಾಕಬೇಕು, ಆದರೆ ಹೇಳದಿದ್ದರೆ ಅವರಿಗೂ ಗೊತ್ತಾಗುವುದಿಲ್ಲ. ಶಿಫ್ಟ್ ಹ್ಯಾಂಡೋವರ್‌ನಲ್ಲಿ ಬಾಟಲಿ ಖಾಲಿ ಅಂತ ಬರೆಯಿರಿ. ಉಳಿದಿರುವ ಸೋಪು, ರಬ್ ಮೇಲೆ ಹೊಸದನ್ನು ಸುರಿಯಲು ಮಾತ್ರ ಬಿಡಬೇಡಿ, ಬಾಟಲಿಯನ್ನೇ ಬದಲಿಸಲು ಹೇಳಿ.