ಕಪ್ಪು ಚರ್ಮದ ಮೇಲಿನ ಮೆಲನೋಮಾ: ಚರ್ಮವೈದ್ಯರ ಸಹಾಯ ಬೇಕು

ಗುಂಪಿನಲ್ಲಿರುವ ಚರ್ಮವೈದ್ಯರಲ್ಲಿ ಒಂದು ವಿನಂತಿ. ಅಮೆರಿಕದಲ್ಲಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಬಿಳಿಯ ಪುರುಷರಲ್ಲೇ ಹೆಚ್ಚು. ಆದರೆ ಅದು ಬಂದ ಬಿಳಿಯ ಪುರುಷರಲ್ಲಿ ಸುಮಾರು ಶೇ. 75ರಷ್ಟು ಮಂದಿ ಐದು ವರ್ಷ ಬದುಕುಳಿದರೆ, ಆಫ್ರಿಕನ್-ಅಮೆರಿಕನ್ ಪುರುಷರಲ್ಲಿ ಆ ಪ್ರಮಾಣ ಸುಮಾರು ಶೇ. 52 ಮಾತ್ರ. ಇವರಲ್ಲಿ ಅದು ಹೆಚ್ಚಾಗಿ ಬಿಸಿಲು ತಾಗದ ಅಂಗಾಲು, ಅಂಗೈ, ಉಗುರಿನಡಿಯಲ್ಲಿ ಕಾಣಿಸಿಕೊಳ್ಳುವುದರಿಂದ, ರೋಗಿಯೂ ಕೆಲವೊಮ್ಮೆ ವೈದ್ಯರೂ ಅದನ್ನು ಪೆಟ್ಟಿನ ಗುರುತೆಂದೋ ಆಣಿಯೆಂದೋ ಭಾವಿಸಿ ಸುಮ್ಮನಾಗುತ್ತಾರೆ. ಜಮೈಕಾದ ಗಾಯಕ ಬಾಬ್ ಮಾರ್ಲಿ 1981ರಲ್ಲಿ, ಕೇವಲ 36ನೇ ವಯಸ್ಸಿನಲ್ಲಿ ತೀರಿಕೊಂಡದ್ದು ಕಾಲ್ಬೆರಳಿನ ಉಗುರಿನಡಿ ಹುಟ್ಟಿದ ಇದೇ ರೋಗದಿಂದ. ಕಪ್ಪು ಪುರುಷರಲ್ಲಿ ಬದುಕುಳಿಯುವವರು ಕಡಿಮೆಯಿರುವುದಕ್ಕೆ ವಿಮೆ ಇಲ್ಲದಿರುವುದೂ ಒಂದು ಕಾರಣ. ಆದರೆ ಪಠ್ಯಪುಸ್ತಕಗಳ ಚಿತ್ರಗಳಲ್ಲಿ ಹೆಚ್ಚಿನವು ಬಿಳಿ ಚರ್ಮದವೇ ಆಗಿರುವುದು ನನ್ನನ್ನು ಹೆಚ್ಚು ಕಾಡುತ್ತದೆ. ಅಟ್ಲಾಂಟಾದಲ್ಲಿ ನರ್ಸ್ ಆಗಿರುವ ನಾನು ಇಲ್ಲಿನ ಕ್ಷೌರದಂಗಡಿಗಳಲ್ಲಿ ಹಂಚಲು ಕರಪತ್ರವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಕಪ್ಪು ಚರ್ಮದ ಮೇಲಿನ ಆರಂಭಿಕ ಹಂತದ, ರೋಗಿಯ ಒಪ್ಪಿಗೆಯಿರುವ ಚಿತ್ರಗಳು ನಿಮ್ಮಲ್ಲಿದ್ದರೆ ದಯವಿಟ್ಟು ಕಳುಹಿಸಿಕೊಡಿ.