ಕ್ಯಾಸಿಯನ್‌ಗೆ ಮೊದಲೇ ಗೊತ್ತಿತ್ತಲ್ಲ, ಮತ್ತೆ ಯಾಕೆ ಕೇಳ್ತಾನೆ? (ಆಂಡೋರ್ ಮತ್ತು ರೋಗ್ ಒನ್)

ತುಂಗಾ_ದಡ, ಶಿವಮೊಗ್ಗ

ಸ್ಟಾರ್ ವಾರ್ಸ್‌ನ ಆಂಡೋರ್ ಸರಣಿಯ ಎರಡನೇ ಸೀಸನ್ನಿನ ಕೊನೆವರೆಗಿನ ಕಥೆ, ಅದರ ಮುಂದಿನ ಸಿನಿಮಾ ರೋಗ್ ಒನ್ ಕಥೆ ಇಲ್ಲಿ ಬರುತ್ತೆ. ಇನ್ನೂ ನೋಡದವರು ಇಲ್ಲಿಂದಲೇ ವಾಪಸ್ ಹೋಗಿ.

ವಿನೋಬನಗರದಲ್ಲಿ ನಾವೊಂದಿಷ್ಟು ಜನ ಸೇರಿ ಮಳೆಗಾಲದ ಶನಿವಾರಗಳಲ್ಲಿ ಆಂಡೋರ್‌ನ 24 ಎಪಿಸೋಡನ್ನೂ ಅದರ ಬೆನ್ನಿಗೇ ರೋಗ್ ಒನ್ ಅನ್ನೂ ನೋಡೋಣ ಅಂತಿದ್ದೇವೆ. ಮೂರು ಕಡೆ ಕಥೆ ಕೂಡಿಬರ್ತಿಲ್ಲ ಅನ್ನಿಸ್ತು, ತಿಳಿದವರು ಹೇಳಿ.

ಸೀಸನ್ 2ರ 12ನೇ ಎಪಿಸೋಡಿನ ಹೆಸರೇ ‘ಜೆಡಾ, ಕೈಬರ್, ಎರ್ಸೊ’. ಬಂಡುಕೋರರ ಗೂಢಚಾರ ಲೂಥನ್ ಉಳಿಸಿಟ್ಟ, ಸಾಮ್ರಾಜ್ಯದ ಗುಪ್ತ ಅಸ್ತ್ರದ ಸುದ್ದಿಯನ್ನ ಅವನ ಸಹಾಯಕಿ ಕ್ಲೇಯಾ ತಂದು ಮುಟ್ಟಿಸ್ತಾಳೆ, ಕಥಾನಾಯಕ ಕ್ಯಾಸಿಯನ್ ಅದನ್ನ ಬಂಡುಕೋರರ ನೆಲೆ ಯಾವಿನ್‌ನಲ್ಲಿ ಮೇಲಿನವರ ಮುಂದೆ ಇಡ್ತಾನೆ. ಅದಾದ ಕೂಡಲೇ ನಡೆಯೋ ರೋಗ್ ಒನ್‌ನಲ್ಲಿ ಸುದ್ದಿ ಕೊಡೋ ಟಿವಿಕ್ ಹತ್ರ ಏನೂ ಗೊತ್ತಿಲ್ಲದವನ ಥರ "ಎಂಥ ಅಸ್ತ್ರ?" ಅಂತ ಕೇಳ್ತಾನೆ. ಇದು ತಪ್ಪಲ್ವಾ?

ಎರಡನೇದು, ಸೆನೆಟರ್ ಮಾನ್ ಮಾತ್ಮಾ ಸಾಮ್ರಾಜ್ಯದಿಂದ ತಪ್ಪಿಸಿಕೊಳ್ಳೋ ಕಥೆ ರೆಬೆಲ್ಸ್ ಕಾರ್ಟೂನಿನಲ್ಲಿ ಆಗಲೇ ಬಂದಿತ್ತು. ಇಲ್ಲಿ ನೋಡಿದ್ರೆ ಕ್ಯಾಸಿಯನ್ ಕರ್ಕೊಂಡು ಹೋಗ್ತಾನೆ. ಮೂರನೇದು, "ಆರು ವರ್ಷದವನಾಗಿದ್ದಾಗಿಂದ ಈ ಹೋರಾಟದಲ್ಲಿದ್ದೇನೆ" ಅಂತ ರೋಗ್ ಒನ್‌ನಲ್ಲಿ ನಾಯಕಿ ಜಿನ್‌ಗೆ ಹೇಳ್ತಾನಲ್ಲ, ಆ ಲೆಕ್ಕ ಎಲ್ಲಿ ಕೂರುತ್ತೆ?

ಕವಲೇದುರ್ಗ

ಮೊದಲನೇದು ತಪ್ಪೇ ಅಲ್ಲ ಮಾರಾಯ್ರೆ. ಆ ಸೀನನ್ನ ಇನ್ನೊಂದ್ಸಲ ಹಾಕಿ ಬರೀ ಮಾತು ಕೇಳಿ. ಕೈಬರ್ ಹರಳುಗಳಿಂದ ಅಸ್ತ್ರ ಮಾಡ್ತಿದ್ದಾರೆ, ಹಿಂದಿನ ದಿನ ಒಬ್ಬ ಪೈಲಟ್ ಪಕ್ಷ ಬಿಟ್ಟು ಬಂದಿದ್ದಾನೆ ಅಂತ ಟಿವಿಕ್ ಹೇಳ್ತಾನೆ. ಕ್ಯಾಸಿಯನ್ ಎಂಥ ಅಸ್ತ್ರ ಅಂತ ಕೇಳ್ತಾನೆ. ಟಿವಿಕ್ ಹೊರಡೋಕೆ ನೋಡ್ತಾನೆ, ಅವನನ್ನ ತಡೆದು ಮತ್ತೆ ಅದೇ ಪ್ರಶ್ನೆ. ಆಗ ಬರುತ್ತೆ ‘ಗ್ರಹ ಕೊಲ್ಲೋದು’ ಅನ್ನೋ ಮಾತು, ಅದೂ ಪೈಲಟ್ ಹಾಗೆ ಕರೆದ ಅಂತ. ಇದು ಗೊತ್ತಿಲ್ಲದವನ ಪ್ರಶ್ನೆ ಅಲ್ಲ. ತನ್ನ ಹತ್ರ ಇರೋ ಅರ್ಧ ಸುದ್ದಿಗೆ ಬೇರೆ ಬಾಯಿಂದ ಸಾಕ್ಷಿ ಹಾಕಿಸ್ಕೊಳ್ಳೋನ ಪ್ರಶ್ನೆ.

ಸಾಕ್ಷಿ ಯಾಕೆ ಬೇಕಿತ್ತು ಅನ್ನೋದನ್ನ 12ನೇ ಎಪಿಸೋಡೇ ತೋರಿಸಿದೆ. ಲೂಥನ್ ಕಡೆಯಿಂದ ಬಂದ ಮಾತನ್ನ ಯಾವಿನ್‌ನಲ್ಲಿ ಯಾರೂ ಸಲೀಸಾಗಿ ನಂಬೋದಿಲ್ಲ.

ಇನ್ನೂ ಒಂದು ಇದೆ, ನನಗೆ ಇದೇ ಇಷ್ಟ. ಪೈಲಟನ್ನ ಕಳಿಸಿದ್ದು ಅಸ್ತ್ರ ಕಟ್ಟೋ ವಿಜ್ಞಾನಿ; ಟಿವಿಕ್ ಹೇಳೋದು ಬರೀ ‘ಎರ್ಸೊ ಅನ್ನೋನು’ ಅಂತ. "ಗೇಲನ್ ಎರ್ಸೊನಾ?" ಅಂತ ಪೂರ್ತಿ ಹೆಸರು ಹಾಕೋನು ಕ್ಯಾಸಿಯನ್. 2016ರಲ್ಲಿ ಅದನ್ನ ಬರೆದಾಗ ಗುಪ್ತಚರ ಅಂದ್ಮೇಲೆ ಗೊತ್ತಿರುತ್ತೆ ಬಿಡು ಅಂತ ನಾವೆಲ್ಲ ದಾಟಿಬಿಟ್ವಿ. 2025ರ ಸೀಸನ್ ಆ ಒಂದು ಹೆಸರಿಗೆ ಹಿಂದಿನ ಕಥೆ ಕಟ್ಟಿಕೊಟ್ಟಿದೆ. ಹೊಸ ಸರಣಿ ಹಳೇ ಸಿನಿಮಾವನ್ನ ಕೆಡಿಸಿಲ್ಲ, ಅದರ ಸಂದಿಗೆ ಆಪು ಹೊಡೆದಿದೆ.

ಹಾಗೇ, ಸರಣಿಯ ಕೊನೆಗೆ ರೋಬೋ ಕೆ-2ಎಸ್‌ಒ ಕ್ಯಾಸಿಯನ್ ಜೊತೆ ಹಡಗು ಹತ್ತುತ್ತೆ, ಆದ್ರೆ ಟಿವಿಕ್ ಸಿಗೋ ಕಾಫ್ರೀನ್ ಸೀನಿನಲ್ಲಿ ಕಾಣಲ್ಲ ಅಂತ ಕೆಲವರ ತಕರಾರು. ಏಳಡಿ ದಾಟಿದ ಸಾಮ್ರಾಜ್ಯದ ರೋಬೋನ ಗುಟ್ಟಿನ ಭೇಟಿಗೆ ಯಾರು ಕರ್ಕೊಂಡು ಹೋಗ್ತಾರೆ! ಹಡಗಲ್ಲೇ ಕೂರಿಸಿರ್ತಾನೆ.

ಅಂಬುತೀರ್ಥ

ಎರಡನೇದಕ್ಕೆ ನಾನು ಬರ್ತೀನಿ. ರೆಬೆಲ್ಸ್‌ನ ಎಪಿಸೋಡ್ ‘ಸೀಕ್ರೆಟ್ ಕಾರ್ಗೊ’, 3ನೇ ಸೀಸನ್ನಿಂದು, ಮಾರ್ಚ್ 2017ರಲ್ಲಿ ಬಂದಿದ್ದು. ಕಾಲ ಬಿಬಿವೈ 2, ಅಂದ್ರೆ ಯಾವಿನ್ ಯುದ್ಧಕ್ಕೆ ಎರಡು ವರ್ಷ ಮುಂಚೆ. ಆಂಡೋರ್ ಸೀಸನ್ 2ರ 7, 8, 9ನೇ ಎಪಿಸೋಡುಗಳೂ ಬಿಬಿವೈ 2. ವರ್ಷ ಸರಿ ಕೂತಿದೆ.

ಘಟನೆಗಳ ಸಾಲು ಹೀಗೆ: ಗೋರ್ಮನ್ ಗ್ರಹದ ಹತ್ಯಾಕಾಂಡ, ಮರುದಿನ ಮಾನ್ ಮಾತ್ಮಾಳ ಸೆನೆಟ್ ಭಾಷಣ, ಕ್ಯಾಸಿಯನ್ ಅವಳನ್ನ ಕಟ್ಟಡದಿಂದ ಹೊರಗೆ ತರೋದು, ಅಡಗುಮನೆ. ಅಲ್ಲಿಂದ ಮುಂದಕ್ಕೆ ಬಂಡುಕೋರರ ಹಡಗುಪಡೆ ಗೋಲ್ಡ್ ಸ್ಕ್ವಾಡ್ರನ್. ಈ ಹೆಸರನ್ನ ಆಂಡೋರ್ ಬಾಯಿಬಿಟ್ಟೇ ಹೇಳುತ್ತೆ. ರೆಬೆಲ್ಸ್ ಎತ್ತಿಕೊಳ್ಳೋದು ಅಲ್ಲಿಂದ: ಗೋಲ್ಡ್ ಸ್ಕ್ವಾಡ್ರನ್ ಕಾವಲಲ್ಲಿ ಹೋಗ್ತಿರೋ ಹಡಗು, ದಾರೀಲಿ ರೆಬೆಲ್ಸ್‌ನ ನಾಯಕರಾದ ಘೋಸ್ಟ್ ತಂಡದಿಂದ ಇಂಧನ, ಕೊನೆಗೆ ಡಾಂಟೂಯಿನ್‌ನಿಂದ ಬಹಿರಂಗ ಕರೆ. ಅವಳ ಸಹಾಯಕ ಅರ್ಸ್ಕಿನ್ ಎರಡರಲ್ಲೂ ಇದ್ದಾನೆ. ಕ್ಯಾಸಿಯನ್ ಹೆಸರು ಯಾಕೆ ಆಚೆ ಬರಲಿಲ್ಲ ಅಂದ್ರೆ, ಅವನು ಮಾಡಿದ್ದು ಲೂಥನ್ ಕಡೆಯ ಕೆಲಸ. ಯಾವಿನ್‌ಗೆ ಹೇಳ್ಕೊಳ್ಳೋಕೆ ಮರ್ಯಾದಸ್ಥ ಕಥೆ ಬೇಕಿತ್ತು.

ಒಂದೇ ಪ್ರಸಂಗವನ್ನ ಎರಡು ಮೇಳ ಆಡಿದ ಹಾಗೆ ಅಂದ್ಕೊಳ್ಳಿ, ಪದ್ಯ ಅದೇ, ಅರ್ಥಗಾರಿಕೆ ಬೇರೆ.

ಹೊನ್ನೇಮರಡು

ಅಂಬುತೀರ್ಥ ಅವ್ರೇ, ಮೇಳದ ಹೋಲಿಕೆ ಚೆನ್ನಾಗಿದೆ, ಆದ್ರೆ ಇಲ್ಲಿ ಪದ್ಯವೇ ಬೇರೆ ಆಗಿದೆ. ರೆಬೆಲ್ಸ್‌ನಲ್ಲಿ ಸೆನೆಟ್ ಭಾಷಣದ ತುಣುಕು ತೋರಿಸ್ತಾರೆ. ಅಲ್ಲಿ ಅವಳು ಚಕ್ರವರ್ತಿಯನ್ನ ಸುಳ್ಳು ಹೇಳೋ ಕೊಲೆಗಡುಕ ಅನ್ನೋ ಅರ್ಥದಲ್ಲಿ ಬೈತಾಳೆ. ಆಂಡೋರ್‌ನ ಭಾಷಣದಲ್ಲಿ ಆ ಸಾಲಿಲ್ಲ. ಇಲ್ಲಿ ಸತ್ಯದ ಸಾವಿನ ಮಾತು ಬರುತ್ತೆ, ನರಮೇಧ ಅನ್ನೋ ಪದ ಬರುತ್ತೆ, ಕೊನೆಗೆ ನಾವೇ ಸಾಕಿದ ರಾಕ್ಷಸ ಪಾಲ್ಪಟೀನ್ ಅಂತ ಹೆಸರು ಹಿಡಿದು ಹೇಳ್ತಾಳೆ.

ಭಾಷಣದ ನಡುವೆ ಕ್ಯಾಮೆರಾ ಬೇರೆ ಕಡೆ ಹೋಗುತ್ತೆ, ಕೇಳಿಸದ ಸಾಲಲ್ಲಿ ಅದೂ ಇರಬಹುದು ಅಂತ ನೀವು ಹೇಳ್ತೀರಿ, ಗೊತ್ತು. ನನಗೆ ಅದು ಹೊಲಿಗೆ ಹಾಕಿದ ಹಾಗೇ ಕಾಣುತ್ತೆ. ಸರಣಿ ಕಟ್ಟಿದ ಟೋನಿ ಗಿಲ್‌ರಾಯ್ ಹೊಸ ಭಾಷಣ ಬರೆಯೋಣ ಅಂತ ತೀರ್ಮಾನ ಮಾಡಿದ್ರು, ಮಾಡಿದ್ದು ಒಳ್ಳೇದೇ ಆಯ್ತು. ಆದ್ರೆ ಇದನ್ನ ‘ಸರಿಹೊಂದಿದೆ’ ಅನ್ನೋದು ಬೇಡ.

ಸೆನೆಟರ್ ಬೇಲ್ ಆರ್ಗಾನಾ ಪಾತ್ರದಲ್ಲಿ ಜಿಮ್ಮಿ ಸ್ಮಿಟ್ಸ್ ಬದಲು ಬೆಂಜಮಿನ್ ಬ್ರಾಟ್ ಬಂದಿದ್ದನ್ನೂ ಕೆಲವರು ಈ ಪಟ್ಟಿಗೆ ಸೇರಿಸ್ತಾರೆ. ಅದು ನಟ ಬದಲಾದದ್ದು, ಕಥೆ ಬದಲಾದದ್ದಲ್ಲ. ಮರುವಾರ ರೋಗ್ ಒನ್ ಹಾಕಿದಾಗ ಸ್ಮಿಟ್ಸ್ ಕಾಣ್ತಾರೆ, ಹೊಸಬರಿಗೆ ಮೊದಲೇ ಹೇಳಿಬಿಡಿ, ಇಲ್ಲಾಂದ್ರೆ ಯಾರಿವರು ಅಂತ ಹತ್ತು ನಿಮಿಷ ಗಲಾಟೆ.

ಅಂಬುತೀರ್ಥ

ಭಾಷಣದ ಸಾಲು ಬೇರೆ ಅನ್ನೋದು ಒಪ್ಪಿದೆ. ಓಡಿಹೋದ ದಾರಿ ಮಾತ್ರ ಕೂಡುತ್ತೆ, ಅಲ್ಲಿ ಬಿಡಲ್ಲ.

ಕಡೂರು_ಕಟ್ಟೆ

‘ಆರು ವರ್ಷ’ದ ವಿಷಯಕ್ಕೆ ಬನ್ನಿ. ಇಲ್ಲಿ ಜನ ಎಡವೋದು ಒಂದೇ ಕಡೆ, ತೆರೆ ಮೇಲೆ ಬಂದದ್ದಕ್ಕೂ ಪುಸ್ತಕದಲ್ಲಿ ಬಂದದ್ದಕ್ಕೂ ಒಂದೇ ತೂಕ ಕೊಡ್ತಾರೆ. ಕ್ಯಾಸಿಯನ್ ಹುಟ್ಟೂರು ಫೆಸ್ಟ್ ಗ್ರಹ ಅಂತ ಹೇಳಿದ್ದು 2016ರ ಸಚಿತ್ರ ಕೈಪಿಡಿ. ಸರಣಿ ಅದನ್ನ ಅಳಿಸಲಿಲ್ಲ, ಸುಳ್ಳು ದಾಖಲೆ ಮಾಡಿಬಿಡ್ತು: ಹುಡುಗ ಕೆನಾರಿ ಗ್ರಹದವನು, ಸಾಕುತಾಯಿ ಮಾರ್ವಾ ಊರಿಗೆಲ್ಲ ಫೆಸ್ಟ್ ಅಂತ ಹೇಳ್ಕೊಂಡು ಬಂದಳು. ಜಾಣ ಕೆಲಸ.

ಆದ್ರೆ ಕೆನಾರಿಯ ಹುಡುಗನ್ನ ನೋಡಿದ್ರೆ ಆರು ವರ್ಷದವನ ಹಾಗೆ ಕಾಣಲ್ಲ, ಹೋರಾಟ ಅಂತ ಕರೆಯೋಕೂ ಅಲ್ಲಿ ಇನ್ನೂ ಏನಿಲ್ಲ. ಜಿನ್ ಜೊತೆ ಜಗಳದ ಕಾವಲ್ಲಿ ಆಡಿದ ಮಾತು, ಜನನ ಪ್ರಮಾಣಪತ್ರ ಅಲ್ಲ. ಅಷ್ಟಕ್ಕೆ ಬಿಡಿ.

ಕೆ-2ಎಸ್‌ಒ ಕಥೆ ಮಾತ್ರ ನಿಜವಾಗಿ ಅಳಿಸಿಹೋಗಿದೆ. 2017ರ ಮಾರ್ವೆಲ್ ಕಾಮಿಕ್‌ನಲ್ಲಿ ಇಬ್ಬರೂ ಸಿಗೋದು ವೆಕಕೋ ಅನ್ನೋ ಗ್ರಹದಲ್ಲಿ. ಈಗ ಗೋರ್ಮನ್ ಚೌಕದಲ್ಲಿ ಬಿದ್ದ ರೋಬೋವನ್ನ ಯಾವಿನ್‌ಗೆ ತಂದು ಅದರ ಪ್ರೋಗ್ರಾಂ ಬದಲಾಯಿಸ್ತಾರೆ. ಎರಡನ್ನೂ ಕೂಡಿಸೋಕೆ ದಾರಿಯೇ ಇಲ್ಲ. 2014ರಲ್ಲಿ ಹಳೇ ಕಾದಂಬರಿಗಳನ್ನೆಲ್ಲ ‘ಲೆಜೆಂಡ್ಸ್’ ಅಂತ ಪಕ್ಕಕ್ಕಿಟ್ಟು, ಇನ್ನು ಬರೋದೆಲ್ಲ ಒಂದೇ ಕಥೆ ಅಂದಿದ್ರಲ್ಲ, ಆ ಮಾತಿಗೆ ಮೂರೇ ವರ್ಷಕ್ಕೆ ಬಂದ ಕಾಮಿಕ್ ಇದು.

ಲೆಕ್ಕ ಕೂಡಿಬರೋ ಜಾಗ ಬೇಕಾದ್ರೆ ಸೀಸನ್ 1ರಲ್ಲಿ ಕ್ಯಾಸಿಯನ್ ಇದ್ದ ಜೈಲು ನಾರ್ಕೀನಾ 5 ನೋಡಿ. ಮೇಜಿಗೆ 7 ಜನ, ಕೋಣೆಗೆ 7 ಮೇಜು, ಮಹಡಿಗೆ 7 ಕೋಣೆ, 7 ಮಹಡಿ. ಗುಣಿಸಿದ್ರೆ 2,401. ಹಗಲು-ರಾತ್ರಿ ಎರಡು ಪಾಳಿ, 4,802. ‘ನಾವು ಐದು ಸಾವಿರ ಜನ’ ಅನ್ನೋ ಮಾತು ಸುಮ್ನೆ ಬಂದದ್ದಲ್ಲ. ಕೈದಿಗಳು ಜೋಡಿಸ್ತಿದ್ದ ಭಾಗ ಯಾವುದಕ್ಕೆ ಅನ್ನೋದು ಸೀಸನ್ 1ರ 12ನೇ ಎಪಿಸೋಡಿನ ಹೆಸರುಗಳೆಲ್ಲ ಮುಗಿದ ಮೇಲೆ ಇದೆ, ಟಿವಿ ಆಫ್ ಮಾಡಬೇಡಿ.

ಹೊನ್ನೇಮರಡು

ಕಾಲದ ಲೆಕ್ಕ ಬಿಟ್ಟು ಪಾತ್ರದ ಲೆಕ್ಕ ಯಾರೂ ತೆಗೀಲಿಲ್ಲ. ಕ್ಯಾಸಿಯನ್ ಸಂಗಾತಿ ಬಿಕ್ಸ್‌ಗೆ ಅನ್ಯಾಯ ಆಗಿದೆ. ಸೀಸನ್ 2ರ 6ನೇ ಎಪಿಸೋಡಿನಲ್ಲಿ, ತನ್ನನ್ನ ಹಿಂಸಿಸಿದ್ದ ಗಾರ್ಸ್ಟ್‌ನ ಅವನದೇ ಯಂತ್ರಕ್ಕೆ ಕಟ್ಟಿಹಾಕೋ ಹೆಂಗಸು, 9ರಲ್ಲಿ ಒಂದು ಸಂದೇಶ ಬಿಟ್ಟು ಹೊರಟುಹೋಗ್ತಾಳೆ. ಯಾಕೆ? ರೋಗ್ ಒನ್‌ನಲ್ಲಿ ಅವಳ ಹೆಸರಿಲ್ಲ, ಅದಕ್ಕೆ. ಕಥೆ ಕೂಡಿಸೋಕೆ ಹೋಗಿ ಪಾತ್ರ ಕುಗ್ಗಿಸಿದ್ದು ಇಲ್ಲೇ.

ಕವಲೇದುರ್ಗ

ಹೊರಗೆ ಕಳಿಸಲೇಬೇಕಿತ್ತು, ಸರಿ. ಆದ್ರೆ ಅವಳನ್ನ ಸಾಯಿಸಿ ಕ್ಯಾಸಿಯನ್‌ಗೆ ಸೇಡಿನ ನೆಪ ಕೊಡೋದು ಸುಲಭ ಇತ್ತು, ಅದನ್ನ ಮಾಡಲಿಲ್ಲ. ಅವನು ಎಲ್ಲ ಬಿಟ್ಟು ಹೊರಡೋಕೆ ತಯಾರಾಗಿದ್ದಾಗ ಅವನು ಉಳೀಬೇಕು ಅಂತ ತೀರ್ಮಾನ ಮಾಡಿದವಳು ಅವಳು. ನನ್ನ ತಕರಾರು ಕೆರ್ರಿ ಬಗ್ಗೆ. ಸರಣಿ ಶುರುವಾಗೋದೇ ತಂಗಿಯನ್ನ ಹುಡುಕೋದ್ರಿಂದ, ಕೊನೆಗೆ ಸಿಗೋದು ಒಂದು ಕನಸು.

ಇನ್ನೊಂದು, ಇದನ್ನ ತಪ್ಪು ಅಂತ ಬರೆದವರನ್ನ ನೋಡಿದ್ದೀನಿ: ಸೀಸನ್ 2ರ 8ನೇ ಎಪಿಸೋಡಿನಲ್ಲಿ ಸಾಮ್ರಾಜ್ಯದ ಕಡೆಯ ಸಿರಿಲ್‌ಗೆ "ಯಾರು ನೀನು?" ಅಂತ ಕ್ಯಾಸಿಯನ್ ಕೇಳ್ತಾನೆ. ಸೀಸನ್ 1ರ 3ನೇ ಎಪಿಸೋಡಿನಲ್ಲಿ ಇದೇ ಮುಖಕ್ಕೆ ಪಿಸ್ತೂಲು ಹಿಡಿದಿದ್ದ. ಮರೆತಿದ್ದಾನೆ, ಅಷ್ಟೇ. ವರ್ಷಗಟ್ಟಲೆ ಬೆನ್ನು ಹತ್ತಿದವನಿಗೆ ಅದಕ್ಕಿಂತ ದೊಡ್ಡ ಪೆಟ್ಟು ಯಾವುದಿದೆ? ಅದಕ್ಕೇ ಎರಡೂ ಸೀನನ್ನ ಒಂದೇ ದಿನ ಹಾಕಿ ನೋಡಿ.

ತುಂಗಾ_ದಡ, ಶಿವಮೊಗ್ಗ

ತುಂಬಾ ಉಪಕಾರ ಆಯ್ತು. ಹಾಗಾದ್ರೆ ‘ಸೀಕ್ರೆಟ್ ಕಾರ್ಗೊ’ನ ಎಲ್ಲಿ ಸೇರಿಸೋದು?

ಅಂಬುತೀರ್ಥ

ಸೀಸನ್ 2ರ 9 ಆದ ಮೇಲೆ, 10ಕ್ಕೆ ಮುಂಚೆ. ಆದ್ರೆ 9ರ ಕೊನೆಗೆ ಕೆ-2 ಕಣ್ಣು ಬಿಡುತ್ತಲ್ಲ, ಅದರ ಮೇಲೆ ತಕ್ಷಣ ಕಾರ್ಟೂನ್ ಹಾಕಿದ್ರೆ ರಸಭಂಗ. ಕಾಫಿ ಕುಡಿದು ಬಂದು ಹಾಕಿ, ಇಪ್ಪತ್ತೆರಡು ನಿಮಿಷ ಅಷ್ಟೇ. ಘೋಸ್ಟ್ ತಂಡದ ಹೆರಾ, ಎಜ್ರಾ, ಚಾಪರ್ ಯಾರು ಅಂತ ಮೊದಲೇ ಎರಡು ಮಾತು ಹೇಳಿ. ಹೆರಾ ಸಿಂಡುಲಾ ಹೆಸರನ್ನ ರೋಗ್ ಒನ್‌ನಲ್ಲಿ ಧ್ವನಿವರ್ಧಕದಲ್ಲಿ ಕೂಗ್ತಾರೆ, ಚಾಪರ್ ಕೂಡ ಒಂದು ಕ್ಷಣ ಕಾಣುತ್ತೆ. ಆಗ ನಿಮ್ಮವರು ಗುರುತು ಹಿಡೀತಾರೆ.

ವಾರಕ್ಕೆ ಮೂರೇ ಎಪಿಸೋಡ್ ಇಟ್ಕೊಳ್ಳಿ, ಸೀಸನ್ 2 ಬಂದದ್ದೂ ಹಾಗೇ. ಪ್ರತಿ ಮೂರಕ್ಕೂ ಒಂದು ವರ್ಷ ಮುಂದೆ ಹೋಗುತ್ತೆ, ಬಿಬಿವೈ 4ರಿಂದ 1ಕ್ಕೆ. ಸಂಖ್ಯೆ ಇಳೀತಾ ಹೋದಷ್ಟೂ ಕಾಲ ಮುಂದೆ ಹೋಗ್ತಿದೆ ಅನ್ನೋದು ಮೊದಲ ಸಲ ನೋಡೋರಿಗೆ ತಲೆ ಕೆಡಿಸುತ್ತೆ, ಗೋಡೆಗೆ ಒಂದು ಚೀಟಿ ಅಂಟಿಸಿ. ಕೊನೆ ಶನಿವಾರ 10, 11, 12 ಮತ್ತು 133 ನಿಮಿಷದ ರೋಗ್ ಒನ್ ಒಂದೇ ಕೂರಿಕೆಯಲ್ಲಿ. ಸಂಜೆ ನಾಲ್ಕಕ್ಕೆ ಶುರು ಮಾಡಿದ್ರೆ ಊಟದ ಹೊತ್ತಿಗೆ ಮುಗಿಯುತ್ತೆ, ಕರೆಂಟ್ ಇದ್ರೆ. ರೂಟರ್‌ಗೆ ಪುಟ್ಟ ಯುಪಿಎಸ್ ಇಟ್ಟು ನಿಶ್ಚಿಂತೆ ಅಂದ್ಕೋಬೇಡಿ, ಟಿವಿ ಇರೋ ಪ್ಲಗ್ಗೂ ಇನ್ವರ್ಟರ್ ಲೈನಲ್ಲೇ ಇದೆಯಾ ಅಂತ ಹಿಂದಿನ ದಿನವೇ ಮೈನ್ ಇಳಿಸಿ ನೋಡಿ.