ಸೈಮಾ ಸರೋವರದ ತೀರದಲ್ಲಿ ವರ್ಷವಿಡೀ ಹೊರಗೆ ಓಡಾಡುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಪತ್ನಿಯ ಉದ್ಯೋಗದ ನಿಮಿತ್ತ ಕಳೆದ ಜುಲೈ ತಿಂಗಳಲ್ಲಿ ನಾವು ಪೂರ್ವ ಫಿನ್‌ಲ್ಯಾಂಡಿನ ಸಾವೊನ್ಲಿನ್ನಾ ಸಮೀಪದ ಹಳ್ಳಿಯೊಂದಕ್ಕೆ ಬಂದು ನೆಲೆಸಿದ್ದೇವೆ. ಮನೆಯಿಂದ ಹತ್ತು ನಿಮಿಷ ನಡೆದರೆ ಸೈಮಾ ಸರೋವರ ಸಿಗುತ್ತದೆ, ಹಿತ್ತಲಿನ ಬೇಲಿ ಮುಗಿಯುವಲ್ಲೇ ಕಾಡು ಆರಂಭವಾಗುತ್ತದೆ. ಬಂದ ಹೊಸತರಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತಿದ್ದುದರಿಂದ ಮಕ್ಕಳಿಬ್ಬರೂ ನೀರು ಬಿಟ್ಟು ಮೇಲೆ ಬರುತ್ತಲೇ ಇರಲಿಲ್ಲ. ಆಗಸ್ಟಿನಲ್ಲಿ ಬಕೆಟ್ಟುಗಟ್ಟಲೆ ಬ್ಲೂಬೆರಿ ಬಿಡಿಸಿದೆವು. ಈಗ ನವೆಂಬರ್. ಶಾಲೆ ಬಿಡುವ ಹೊತ್ತಿಗೇ ಕತ್ತಲು ಕವಿಯುತ್ತಿದೆ, ಮಳೆ ನಿಂತರೆ ಮಂಜು, ಮಂಜು ಹರಿದರೆ ಮಳೆ. ಮಕ್ಕಳು ಒಳಗೇ ಉಳಿದು ಮಂಕಾಗಿದ್ದಾರೆ, ನಾವೂ ಅಷ್ಟೇ.

ನಮ್ಮಲ್ಲಿ ದೋಣಿಯಿಲ್ಲ, ಸರೋವರದಂಚಿನ ಕುಟೀರವಿಲ್ಲ, ಸ್ಕೀ ಮಾಡಿದ ಅನುಭವವೂ ಇಲ್ಲ. ಈ ಕತ್ತಲ ತಿಂಗಳುಗಳಲ್ಲಿ ಹೊರಗೆ ಹೋಗುವವರು ಏನು ಮಾಡುತ್ತಾರೆ? ಕಾಡು ಖಾಸಗಿಯವರದ್ದಾದರೆ ಅನುಮತಿ ಕೇಳಬೇಕೇ? ಸರೋವರ ಹೆಪ್ಪುಗಟ್ಟಿದ ಮೇಲೆ ಮಕ್ಕಳನ್ನು ಅದರ ಮೇಲೆ ಕರೆದೊಯ್ಯಬಹುದು ಎಂದು ನೆರೆಯವರು ಬಹಳ ಸಲೀಸಾಗಿ ಹೇಳುತ್ತಾರೆ, ನನಗೆ ಮಾತ್ರ ಧೈರ್ಯ ಸಾಲುತ್ತಿಲ್ಲ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕಾಗಿ ಕೋರುತ್ತೇನೆ.

ಮೊದಲ ಉತ್ತರ

ನಾನು ಇದೇ ಸೀಮೆಯಲ್ಲಿ ಹದಿನಾಲ್ಕು ಚಳಿಗಾಲಗಳನ್ನು ಕಳೆದಿದ್ದೇನೆ. ನಿಮ್ಮ ಅನುಮತಿಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ತಿಳಿದರೆ ಉಳಿದ ಅರ್ಧ ಅಂಜಿಕೆ ತಾನಾಗಿಯೇ ಹೋಗುತ್ತದೆ. ಇಲ್ಲಿ 'ಯೊಕೈಸೆನ್ ಒಯ್ಕೆಉಸ್', ಅಂದರೆ ಪ್ರತಿಯೊಬ್ಬರ ಹಕ್ಕು ಎಂಬುದೊಂದಿದೆ. ಕಾಡು ಯಾರದ್ದೇ ಆಗಿರಲಿ, ಅದರೊಳಗೆ ನಡೆಯುವುದಕ್ಕೆ, ಸ್ಕೀ ಮಾಡುವುದಕ್ಕೆ, ಸೈಕಲ್ ತುಳಿಯುವುದಕ್ಕೆ, ಹಣ್ಣು, ಅಣಬೆ ಆರಿಸುವುದಕ್ಕೆ, ಒಂದೆರಡು ರಾತ್ರಿ ಡೇರೆ ಹಾಕುವುದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ಈ ಹಕ್ಕು ಫಿನ್ನಿಶ್ ಪೌರತ್ವವನ್ನೂ ಬೇಡುವುದಿಲ್ಲ. ಆದರೆ ಜನರ ಮನೆಯಂಗಳವನ್ನು ದಾಟಬಾರದು, ಬೆಳೆಯಿರುವ ಹೊಲವನ್ನು ತುಳಿಯಬಾರದು, ಮರ ಕಡಿಯುವುದಿರಲಿ, ಪಾಚಿ ಅಥವಾ ಕಲ್ಲುಹೂವನ್ನು ಕೀಳಲೂ ಭೂಮಾಲೀಕರ ಒಪ್ಪಿಗೆ ಬೇಕು. ಬೆಂಕಿ ಹಾಕಲೂ ಹಾಗೆಯೇ. ಆದ್ದರಿಂದಲೇ ಇಲ್ಲಿನವರು 'ಲಾವು'ಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಮೂರು ಬದಿ ಮುಚ್ಚಿ ಒಂದು ಬದಿ ತೆರೆದಿರುವ ಮರದ ಮಾಡು, ಅದರ ಮುಂದೆ ಬೆಂಕಿಗೆ ಕಟ್ಟಿದ ಒಲೆ, ಪಕ್ಕದಲ್ಲಿ ಅನೇಕ ಕಡೆ ಸೌದೆಯ ಕೊಟ್ಟಿಗೆ.

ನವೆಂಬರನ್ನು ಗೆಲ್ಲಲು ನಮಗೆ ನೆರವಾದದ್ದು ಆ ಲಾವುವೇ. ಡಿಸೆಂಬರಿನ ನಡುವೆ ಸಾವೊನ್ಲಿನ್ನಾದಲ್ಲಿ ಸೂರ್ಯ ಇರುವುದು 5 ಗಂಟೆಗಿಂತ ಸ್ವಲ್ಪ ಹೆಚ್ಚು ಹೊತ್ತು ಮಾತ್ರ. ಹಾಗಾಗಿ ಬೆಳಕಿಗೆ ಕಾದು ಕುಳಿತರೆ ವಾರದ ದಿನಗಳಲ್ಲಿ ಹೊರಗೆ ಹೋಗುವುದೇ ಆಗುವುದಿಲ್ಲ. ಕತ್ತಲಲ್ಲೇ ಹೊರಡುವುದನ್ನು ರೂಢಿಸಿಕೊಳ್ಳಬೇಕು. ಮಕ್ಕಳ ತಲೆಗೆ ಹೆಡ್‌ಲ್ಯಾಂಪ್ ಕಟ್ಟಿ, ಜಾಕೆಟ್ಟಿಗೆ ರಿಫ್ಲೆಕ್ಟರ್ ತೂಗುಹಾಕಿ, ಒಂದು ಕಿಲೋಮೀಟರ್ ನಡೆದು, ಬೆಂಕಿಯ ಮುಂದೆ ಕುಳಿತು ಬಿಸಿಯಾದದ್ದನ್ನು ಕುಡಿದು ಬನ್ನಿ. ಒದ್ದೆ ಸೌದೆ ಹೊತ್ತಿಕೊಳ್ಳುವವರೆಗೆ ಊದುತ್ತಾ ಕೂರುವ ಆ ಕಾಲು ಗಂಟೆ ನನ್ನ ಮಗಳಿಗೆ ಇಂದಿಗೂ ವಾರದ ಅತ್ಯುತ್ತಮ ಹೊತ್ತು. ಶರತ್ಕಾಲದಲ್ಲಿ ಮೂಸ್ ಬೇಟೆ ನಡೆಯುವುದರಿಂದ ಕಾಡಿಗೆ ಹೋಗುವಾಗ ಕಿತ್ತಳೆ ಬಣ್ಣದ ಮೇಲಂಗಿ ಅಥವಾ ಟೋಪಿ ಇರಲಿ.

ಹಿಮ ನಿಲ್ಲುವವರೆಗೂ ಪಾಚಿ ತುಂಬಿದ ಸ್ಪ್ರೂಸ್ ಕಾಡಿನಲ್ಲಿ ಸುಪ್ಪಿಲೋವಾಹ್ವೆರೋ ಎಂಬ ಅಣಬೆ ಸಿಗುತ್ತದೆ. ಕಂದು ಟೋಪಿ, ಹಳದಿ ಕಾಲು. ಕಾಲನ್ನು ಸೀಳಿದರೆ ಒಳಗೆ ಟೊಳ್ಳು, ಟೋಪಿಯ ಅಡಿಯಲ್ಲಿ ಹಾಳೆಗಳ ಬದಲು ಕಾಲಿನವರೆಗೂ ಇಳಿದು ಬರುವ ಏಣುಗಳು. ಇಷ್ಟು ವಿವರಿಸುತ್ತಿರುವುದಕ್ಕೆ ಕಾರಣವಿದೆ: ಅದೇ ಪಾಚಿಯಲ್ಲಿ, ಅದರ ಮಗ್ಗುಲಲ್ಲೇ, ಮೂತ್ರಪಿಂಡಗಳನ್ನು ಹಾಳುಮಾಡುವ ಕಿತ್ತಳೆಗಂದು ಬಣ್ಣದ ವಿಷದ ಅಣಬೆಯೂ ಬೆಳೆಯುತ್ತದೆ. ಮೊದಲ ವರ್ಷ ಬಲ್ಲವರ ಜೊತೆಯಲ್ಲೇ ಹೋಗಿ, ಒಂದೊಂದನ್ನೂ ಅವರಿಗೆ ತೋರಿಸಿಯೇ ಬುಟ್ಟಿಗೆ ಹಾಕಿ.

ಎರಡನೆಯ ಉತ್ತರ

ಮಂಜುಗಡ್ಡೆಯ ವಿಷಯದಲ್ಲಿ ನಿಮಗಿರುವ ಭಯವನ್ನು ಯಾರ ಮಾತಿಗೂ ಬಿಟ್ಟುಕೊಡಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ನಾನು ಇಲ್ಲಿಗೆ ಬಂದ ಮೂರನೆಯ ಚಳಿಗಾಲದಲ್ಲಿ ನೀರಿಗೆ ಬಿದ್ದೆ. ಕೊಲ್ಲಿಯಲ್ಲಿ ಗಡ್ಡೆ ಗಟ್ಟಿಯಾಗಿತ್ತು, ಜನ ಓಡಾಡುತ್ತಿದ್ದರು. ಅದೇ ನಂಬಿಕೆಯಲ್ಲಿ ಎರಡು ದ್ವೀಪಗಳ ನಡುವಿನ ಇಕ್ಕಟ್ಟಿನ ಕಡೆಗೆ ಹೋದೆ. ಅಂಥ ಇಕ್ಕಟ್ಟುಗಳಲ್ಲಿ ಅಡಿಯಲ್ಲಿ ನೀರು ಹರಿಯುತ್ತಿರುತ್ತದೆ, ಹರಿಯುವ ನೀರು ಗಡ್ಡೆಯನ್ನು ಕೆಳಗಿನಿಂದ ಸವೆಸುತ್ತದೆ ಎಂಬುದು ಆಗ ನನಗೆ ತಿಳಿದಿರಲಿಲ್ಲ. ಬಿರುಕು ಬಿಟ್ಟ ಸದ್ದೂ ಕೇಳಲಿಲ್ಲ, ಒಮ್ಮೆಲೇ ಎದೆಯವರೆಗೆ ನೀರು. ಉಸಿರು ಕಟ್ಟಿತು. ಕುತ್ತಿಗೆಯಲ್ಲಿ ಗೆಳೆಯನೊಬ್ಬ ಒತ್ತಾಯದಿಂದ ಹಾಕಿಸಿದ್ದ ಮಂಜು ಮೊಳೆಗಳಿದ್ದವು: ಹಗ್ಗದಲ್ಲಿ ಪೋಣಿಸಿದ ಎರಡು ಹಿಡಿಗಳು, ತುದಿಯಲ್ಲಿ ಚೂಪಾದ ಉಕ್ಕು. ಬರಿಗೈಯಲ್ಲಿ ಒದ್ದೆ ಗಡ್ಡೆಯನ್ನು ಹಿಡಿಯಲು ಸಾಧ್ಯವೇ ಇಲ್ಲ, ಬೆರಳು ಜಾರುತ್ತಲೇ ಇರುತ್ತದೆ. ಬಂದ ದಿಕ್ಕಿಗೇ ತಿರುಗಿ, ಏಕೆಂದರೆ ಅಷ್ಟು ಹೊತ್ತು ನನ್ನನ್ನು ಹೊತ್ತದ್ದು ಆ ಕಡೆಯ ಗಡ್ಡೆ, ಮೊಳೆ ನೆಟ್ಟು, ಕಾಲು ಬಡಿದು, ಹೊಟ್ಟೆಯ ಮೇಲೆ ತೆವಳಿ ಹೊರಬಂದೆ. ಎದ್ದು ನಿಲ್ಲದೆ ಉರುಳಿಕೊಂಡೇ ದೂರ ಸರಿದೆ.

ಗಡ್ಡೆಯ ದಪ್ಪಕ್ಕಿಂತ ಅದರ ಬಗೆ ಮುಖ್ಯ. ಕಪ್ಪಾಗಿ, ಪಾರದರ್ಶಕವಾಗಿ ಕಾಣುವ ಗಟ್ಟಿ ಗಡ್ಡೆ 5 ಸೆಂಟಿಮೀಟರ್ ಇದ್ದರೆ ಒಬ್ಬ ವ್ಯಕ್ತಿಯನ್ನು ಹೊರುತ್ತದೆ ಎನ್ನುತ್ತಾರೆ. ಮಕ್ಕಳೊಂದಿಗೆ ಹೋಗುವ ನಾನು 10 ಸೆಂಟಿಮೀಟರ್ ಆಗುವವರೆಗೆ ಕಾಲಿಡುವುದಿಲ್ಲ, ಅದನ್ನೂ ಕೊರೆದು ಅಳೆಯುತ್ತೇನೆ. ಹಿಮ ನೆನೆದು ಹೆಪ್ಪುಗಟ್ಟಿದ ಬಿಳಿಯ ಗಡ್ಡೆಯ ಬಲ ಅದರ ಅರ್ಧದಷ್ಟು ಮಾತ್ರ. ಮೇಲೆ ಬಿದ್ದ ಹಿಮ ಕಂಬಳಿಯಂತೆ ಹೊದ್ದುಕೊಳ್ಳುವುದರಿಂದ ಎಷ್ಟೇ ಚಳಿಯಿದ್ದರೂ ಕೆಳಗಿನ ಗಡ್ಡೆ ಬೇಗ ದಪ್ಪವಾಗುವುದಿಲ್ಲ. ಸೇತುವೆಯ ಕೆಳಗೆ, ಹೊಳೆ ಬಂದು ಸೇರುವಲ್ಲಿ, ಜೊಂಡಿನ ಅಂಚಿನಲ್ಲಿ, ದೋಣಿಗಟ್ಟೆಯ ಬಳಿ ಜನವರಿಯಲ್ಲೂ ನಂಬಿಕೆಯಿಡಬೇಡಿ. ಒಬ್ಬರೇ ಹೋಗಬೇಡಿ. ಫೋನಿನಲ್ಲಿ '112 ಸುವೋಮಿ' ಆ್ಯಪ್ ಹಾಕಿಕೊಳ್ಳಿ, ಅದರಿಂದ ಕರೆ ಮಾಡಿದರೆ ನೀವಿರುವ ಜಾಗ ತುರ್ತು ಕೇಂದ್ರಕ್ಕೆ ತಿಳಿಯುತ್ತದೆ.

ಇಷ್ಟೆಲ್ಲ ಆದ ಮೇಲೂ ನಾನು ಪ್ರತಿ ವರ್ಷ ಸರೋವರದ ಮೇಲೆ ಹೋಗುತ್ತೇನೆ. ಹೌಕಿವೆಸಿ ಸರೋವರದಲ್ಲಿ, ಲಿನ್ನನ್‌ಸಾರಿ ರಾಷ್ಟ್ರೀಯ ಉದ್ಯಾನದ ದ್ವೀಪಗಳ ನಡುವೆ, ಗಡ್ಡೆ ಸಾಕಷ್ಟು ಗಟ್ಟಿಯಾದ ಚಳಿಗಾಲಗಳಲ್ಲಿ ಹಿಮ ಗುಡಿಸಿ ಸ್ಕೇಟಿಂಗ್ ದಾರಿ ಮಾಡುತ್ತಾರೆ. ನಿಮ್ಮ ಮೊದಲ ಅನುಭವ ಅಂಥ ನೋಡಿಕೊಳ್ಳುವ ದಾರಿಯಲ್ಲೇ ಆಗಲಿ.

ಮೂರನೆಯ ಉತ್ತರ

ಸ್ಕೀ ಬಗ್ಗೆ ಒಂದೇ ಮಾತು. ಮಕ್ಕಳ ಕಾಲು ಬೆಳೆಯುತ್ತಲೇ ಇರುವುದರಿಂದ ಹೊಸದನ್ನು ಕೊಳ್ಳಬೇಡಿ, ಹಳೆಯ ಸಾಮಾನಿನ ಅಂಗಡಿಗಳಲ್ಲಿ ಸಾಕಷ್ಟು ಸಿಗುತ್ತವೆ. ಊರಿನ ಬಳಿ ದೀಪ ಹಾಕಿದ 'ಲಾತು', ಅಂದರೆ ಸ್ಕೀ ದಾರಿ, ಇರುತ್ತದೆ. ಅದರ ಮೇಲೆ ಚಳಿಗಾಲದಲ್ಲಿ ಮಾತ್ರ ದಯವಿಟ್ಟು ನಡೆಯಬೇಡಿ. ಯಂತ್ರದಿಂದ ಕೊರೆದ ಗೆರೆಗಳು ಬೂಟಿನ ಒಂದು ಹೆಜ್ಜೆಗೇ ಕೆಡುತ್ತವೆ, ಹಿಂದೆ ಬರುವವರು ಅಲ್ಲಿ ಮುಗ್ಗರಿಸುತ್ತಾರೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ನಿನ್ನೆ ಸಂಜೆ ನಾಲ್ವರೂ ಹೆಡ್‌ಲ್ಯಾಂಪ್ ಹಾಕಿಕೊಂಡು ಹತ್ತಿರದ ಲಾವುವಿಗೆ ಹೋಗಿಬಂದೆವು, ಚಿಕ್ಕವನು ಇವತ್ತೂ ಹೋಗೋಣ ಎನ್ನುತ್ತಿದ್ದಾನೆ. ಮಂಜು ಮೊಳೆಗಳನ್ನು ನಾಲ್ವರಿಗೂ ತರುತ್ತೇನೆ. ಇನ್ನೊಂದು ಸಂದೇಹ: ವಸಂತ ಬಂದ ಮೇಲೆ, ದೋಣಿಯಿಲ್ಲದ ನಮ್ಮಂಥವರು ಮೀನು ಹಿಡಿಯುವುದಕ್ಕೆ, ನೀರಿಗಿಳಿಯುವುದಕ್ಕೆ ಏನೇನು ನಿಯಮಗಳನ್ನು ಅರಿತಿರಬೇಕು?

ಮೊದಲ ಉತ್ತರ ಬರೆದವರು

ಸಾಮಾನ್ಯ ಗಾಳದಿಂದ ಮೀನು ಹಿಡಿಯುವುದಕ್ಕೂ, ಗಡ್ಡೆಗೆ ತೂತು ಕೊರೆದು ಗಾಳ ಬಿಡುವುದಕ್ಕೂ ಬಹುತೇಕ ಸರೋವರಗಳಲ್ಲಿ ಹಣ ಕಟ್ಟಬೇಕಾಗಿಲ್ಲ. ರೀಲು ಮತ್ತು ಕೃತಕ ಮೀನು ಬಳಸಿ ಎಸೆಯುವ ಗಾಳಕ್ಕೆ ಮಾತ್ರ 18ರಿಂದ 69 ವರ್ಷದೊಳಗಿನವರು ಸರ್ಕಾರದ ಮೀನುಗಾರಿಕಾ ಶುಲ್ಕ ಕಟ್ಟಬೇಕು.

ಏಪ್ರಿಲ್ ಕಷ್ಟದ ತಿಂಗಳು. ಗಡ್ಡೆ ಹೊರುವುದಿಲ್ಲ, ದೋಣಿಯೂ ಹೋಗುವುದಿಲ್ಲ. ಈ ಕಾಲಕ್ಕೆ 'ಕೆಲಿರಿಕ್ಕೊ' ಎಂಬ ಹೆಸರೇ ಇದೆ. ಆಗ ಅರ್ಧ ಮೀಟರ್ ದಪ್ಪದ ಗಡ್ಡೆಯೂ ಉದ್ದುದ್ದ ಕಡ್ಡಿಗಳಾಗಿ ಬಿಟ್ಟುಕೊಂಡು ಕಾಲಡಿಯಲ್ಲಿ ಕುಸಿಯಬಲ್ಲದು. ದಡದಲ್ಲೇ ಇರಿ, ಮರಳಿ ಬರುವ ಕೊಕ್ಕರೆ, ಹಂಸಗಳನ್ನು ನೋಡಿ. ಸೈಮಾದಲ್ಲಿ ಮಾತ್ರ ಬದುಕಿರುವ ಸೀಲ್‌ಗಳ ಸಂಖ್ಯೆ ಸುಮಾರು 500ರ ಆಸುಪಾಸಿನಲ್ಲಿದೆ. ಅವು ಫೆಬ್ರವರಿ ಕೊನೆಯಿಂದ ಮಾರ್ಚ್ ವೇಳೆಗೆ ದ್ವೀಪಗಳ ಅಂಚಿನ ಹಿಮದ ಗುಪ್ಪೆಯೊಳಗೆ ಮರಿ ಹಾಕುತ್ತವೆ, ಆದ್ದರಿಂದ ಆಗ ಆ ಅಂಚುಗಳಿಂದ ದೂರವಿರಬೇಕು. ಮರಿಗಳು ಬಲೆಗೆ ಸಿಕ್ಕಿ ಸಾಯಬಾರದೆಂದು ಅವುಗಳ ನೆಲೆಗಳಲ್ಲಿ ಏಪ್ರಿಲ್ 15ರಿಂದ ಜೂನ್ 30ರವರೆಗೆ ಬಲೆ ಬೀಸುವುದಕ್ಕೆ ನಿಷೇಧವಿದೆ. ಮೇ ತಿಂಗಳಲ್ಲಿ ಅವೇ ರೋಮ ಉದುರಿಸಲು ಬಂಡೆಗಳ ಮೇಲೆ ಬಂದು ಮಲಗುತ್ತವೆ. ದೂರದಿಂದ ಅದೂ ಒಂದು ಬಂಡೆಯೇ ಎನಿಸುತ್ತದೆ, ಆಮೇಲೆ ಬಂಡೆ ತಲೆಯೆತ್ತಿ ನಿಮ್ಮತ್ತ ನೋಡುತ್ತದೆ.

ಬೇಸಿಗೆಗೆ ದೋಣಿ ಕೊಳ್ಳುವ ಅಗತ್ಯವಿಲ್ಲ, ಕನೂ ಬಾಡಿಗೆಗೆ ಸಿಗುತ್ತದೆ. 1990ರಲ್ಲಿ ಸ್ಥಾಪನೆಯಾದ ಕೊಲೊವೆಸಿ ರಾಷ್ಟ್ರೀಯ ಉದ್ಯಾನದಲ್ಲಿ ಮೋಟಾರು ದೋಣಿಗೆ ಪ್ರವೇಶವಿಲ್ಲದ್ದರಿಂದ ಮಕ್ಕಳೊಂದಿಗೆ ಹುಟ್ಟು ಹಾಕಲು ಅದಕ್ಕಿಂತ ಶಾಂತವಾದ ನೀರು ನನಗೆ ಗೊತ್ತಿಲ್ಲ; ಪ್ರವೇಶ ಶುಲ್ಕವೂ ಇಲ್ಲ. ಕಾಡ್ಗಿಚ್ಚಿನ ಎಚ್ಚರಿಕೆ ಹೊರಡಿಸಿದ ದಿನಗಳಲ್ಲಿ ಬಯಲಿನಲ್ಲಿ ಬೆಂಕಿ ಹಚ್ಚುವಂತಿಲ್ಲ, ಹೊರಡುವ ಮುನ್ನ ಹವಾಮಾನ ವರದಿ ನೋಡಿ. ಹುಲ್ಲಿನಲ್ಲಿ ಓಡಾಡಿ ಬಂದ ಸಂಜೆ ಮಕ್ಕಳ ಮೊಣಕಾಲಿನ ಹಿಂಬದಿ, ಕಂಕುಳು, ಕೂದಲಿನ ಅಂಚು ನೋಡಿ ಉಣುಗು ಕಚ್ಚಿದೆಯೇ ಎಂದು ಪರೀಕ್ಷಿಸಿ. ಉಣುಗಿನಿಂದ ಬರುವ ಮಿದುಳಿನ ಉರಿಯೂತಕ್ಕೆ ಲಸಿಕೆಯಿದೆ, ಉಣುಗಿನಿಂದಲೇ ಹರಡುವ ಇನ್ನೊಂದು ರೋಗವಾದ ಬೊರೆಲಿಯೋಸಿಸ್‌ಗೆ ಆ ಲಸಿಕೆ ನಾಟುವುದಿಲ್ಲ. ಲಸಿಕೆಯ ಮೊದಲ ಎರಡು ಚುಚ್ಚುಮದ್ದುಗಳ ನಡುವೆ ಅಂತರ ಬೇಕಾಗುವುದರಿಂದ ಚಳಿಗಾಲ ಮುಗಿಯುವ ಮೊದಲೇ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ ಆರಂಭಿಸಿದರೆ ಒಳಿತು.